ಎದುರುಬದುರು ಬಾಗಿಲಿನ ದುಭಾಷಿ

ತಿಳಿದವರು ಸುಖಿಗಳೋ, ಏನೂ ತಿಳಿಯದವರು ಸುಖಿಗಳೋ ಎಂದು ಯಾರಾದರೂ ಕೇಳಿದರೆ ನಾನು ವಾದ ಮಾಡುವುದಿಲ್ಲ, ಅವರನ್ನು ನಮ್ಮ ಕಂಪನಿ ಬಸ್ಸಿಗೆ ಹತ್ತಿಸುತ್ತೇನೆ. ಪುಣೆಯಿಂದ ರಾಂಜಣಗಾಂವಕ್ಕೆ ಹೋಗುವ ಆ ಬಸ್ಸಿನಲ್ಲಿ ನನ್ನ ಪಕ್ಕದ ಸೀಟು ಪಾಟೀಲನದು. ನಮ್ಮ ಕಡೆಯವನೇ, ವಿಜಯಪುರದವನು. ನಾನು ಬಸ್ಸು ಹೊರಡುವ ಮೊದಲೇ ಪೇಪರು ಬಿಡಿಸುತ್ತೇನೆ. ವಾಘೋಲಿ ದಾಟುವಷ್ಟರಲ್ಲಿ ಎಣ್ಣೆಯ ಬೆಲೆ, ಸಮುದ್ರದ ಮಟ್ಟ, ಸಕ್ಕರೆ ಕಾಯಿಲೆ ಎಲ್ಲವೂ ಏರುತ್ತಿರುವ ಸುದ್ದಿ ನನ್ನ ತಲೆಯಲ್ಲಿ ಕೂತಿರುತ್ತದೆ. ಪಾಟೀಲ ಬಾಯಿ ತೆರೆದು ನಿದ್ದೆ ಹೊಡೆಯುತ್ತಿರುತ್ತಾನೆ. ಒಮ್ಮೆ ಬಸ್ಸಿನ ಹಿಂದಿನ ಟೈರು ಸವೆದು ನುಣ್ಣಗಾಗಿದ್ದು ನನ್ನ ಕಣ್ಣಿಗೆ ಬಿತ್ತು. ಅವತ್ತು ದಾರಿಯುದ್ದಕ್ಕೂ ಕಂಬಿ ಹಿಡಿದೇ ಕೂತಿದ್ದೆ. ಅವನನ್ನು ಎಬ್ಬಿಸಿ ಹೇಳಿದರೆ, "ಅದಕ್ಕ ನೋಡ್ರಿ, ನಾ ಬಸ್ಸಿನ ಕೆಳಗ ನೋಡೂದಿಲ್ಲ" ಎಂದು ಮತ್ತೆ ಬಾಯಿ ತೆರೆದ.

ಆದರೆ ತಿಳಿಯದವನೇ ಸುಖಿ ಎಂಬ ನನ್ನ ಸಿದ್ಧಾಂತ ಬಲಿತದ್ದು ಬಸ್ಸಿನಲ್ಲಲ್ಲ, ಮನೆಯಲ್ಲಿ. ಇನ್ನೂ ಖಚಿತವಾಗಿ ಹೇಳಬೇಕೆಂದರೆ, ನಮ್ಮ ಮನೆಯ ಬಾಗಿಲು ಮತ್ತು ಎದುರು ಮನೆಯ ಮರಾಠಿ ಚಿಕ್ಕಮ್ಮ ದೇವಧರ ಕಾಕೂ ಅವರ ಬಾಗಿಲು, ಇವೆರಡರ ನಡುವಿನ ನಾಲ್ಕು ಹೆಜ್ಜೆ ಜಾಗದಲ್ಲಿ.

ನಾನು ಬೆಳಗಾವಿಯವನು. ಮರಾಠಿ ನನಗೆ ತಾಯಿಯ ಭಾಷೆಯಲ್ಲದಿದ್ದರೂ ಓಣಿಯ ಭಾಷೆ. ನನ್ನ ಹೆಂಡತಿ ಗಿರಿಜಾ ರಾಣೆಬೆನ್ನೂರಿನವಳು. ಅವಳಿಗೆ ಮರಾಠಿ ಒಂದಕ್ಷರ ಬರುತ್ತಿರಲಿಲ್ಲ, ಹಿಂದಿಯಲ್ಲಿ "ಕಿತನಾ" ಮತ್ತು "ಕಮ್ ಕರೋ" ಬಿಟ್ಟರೆ ಬೇರೆ ಬಂಡವಾಳವಿರಲಿಲ್ಲ. ನನಗೆ ಇಲ್ಲಿಗೆ ವರ್ಗವಾಗಿ ಬಂದ ಹೊಸದರಲ್ಲಿ ಅವಳು ಗ್ಯಾಲರಿಯಲ್ಲಿ ನಿಂತು ಹೋಗಿಬರುವ ಸ್ಕೂಟರುಗಳನ್ನು ನೋಡುತ್ತಿದ್ದಳು, ಮಾತಿಗೆ ಒಂದು ಜೀವವಿರಲಿಲ್ಲ. ಸಂಜೆ ನಾನು ಬಂದಾಗ ಎಷ್ಟೋ ಸಲ ಅವಳ ಕಣ್ಣು ಕೆಂಪಾಗಿರುತ್ತಿತ್ತು, ಕೇಳಿದರೆ ಉಳ್ಳಾಗಡ್ಡಿ ಹೆಚ್ಚಿದೆ ಅನ್ನುತ್ತಿದ್ದಳು. ಅಡುಗೆಯಲ್ಲಿ ಉಳ್ಳಾಗಡ್ಡಿ ಇರುತ್ತಿರಲಿಲ್ಲ.

ಹಾಗಿರುವಾಗ ಕಾಕೂ ಒಂದು ದಿನ ಬಟ್ಟಲಲ್ಲಿ ಆಮಟಿ ತಂದುಕೊಟ್ಟರು. ಆಮಟಿ ಎಂದರೆ ಅವರ ಕಡೆಯ ಬೇಳೆ ಸಾರು, ಬೆಲ್ಲ ಹಾಕಿದ್ದು. ಬಟ್ಟಲನ್ನು ಬರಿದಾಗಿ ಹಿಂದಿರುಗಿಸಬಾರದೆಂಬುದು ಎರಡೂ ನಾಡಿನ ಶಾಸ್ತ್ರ. ಗಿರಿಜಾ ಅದರ ಜತೆ ಖಡಕ್ ಜೋಳದ ರೊಟ್ಟಿ, ಅಗಸಿ ಚಟ್ನಿ ಕಳಿಸಿದಳು. ಮುಂದಿನ ಭಾನುವಾರ ಕಾಕೂ ಬಾಗಿಲಿಗೆ ಬಂದರು. ನಿವೃತ್ತ ಶಾಲಾ ಮಾಸ್ತರಿಣಿ, ಪುಣೆಯ ಹಳೇ ಪೇಟೆಯಲ್ಲಿ ಹುಟ್ಟಿದವರು, ಮರಾಠಿ ಬಿಟ್ಟು ಬೇರೆ ಭಾಷೆಯಲ್ಲಿ ಮಾತಾಡುವುದಿಲ್ಲವೆಂದು ವ್ರತ ಹಿಡಿದವರು. ಮುಖದಲ್ಲಿ ಒಂದು ಗೆರೆಯೂ ಅಲುಗದಂತೆ ಮರಾಠಿಯಲ್ಲಿ ನನಗೆ ಹೇಳಿದರು, "ನಿಮ್ಮ ಹೆಂಡತಿಯನ್ನ ಕೇಳಿ, ಈ ರೊಟ್ಟಿಯನ್ನ ತಿನ್ನಬೇಕೋ, ಮಳೆಗಾಲಕ್ಕೆ ಮಾಡಿನ ಮೇಲೆ ಹೊದಿಸಬೇಕೋ ಅಂತ."

"ಏನಂತಾರ್ರೀ?" ಎಂದು ಗಿರಿಜಾ ಆಸೆಯಿಂದ ಕೇಳಿದಳು.

ಆ ಮುಖ ನೋಡಿ ನಿಜ ಹೇಳುವವನು ಗಂಡನೇ ಅಲ್ಲ. "ರೊಟ್ಟಿ ಭಾಳ ಗಟ್ಟಿಮುಟ್ಟ ಆಗ್ಯಾವ, ಇಂಥವು ಪುಣೆದಾಗ ಸಿಗೂದಿಲ್ಲ ಅಂತಾರ" ಎಂದೆ. ಅವಳ ಮುಖ ಅರಳಿತು. "ಅವರ ಆಮಟಿ ಬಗ್ಗೆನೂ ಹೇಳ್ರಿ. ಜ್ವರ ಬಂದವರಿಗೆ ಮಾಡಿಧಾಂಗ ಅದ, ಬ್ಯಾಳಿಗೆ ಯಾರರ ಬೆಲ್ಲ ಹಾಕತಾರೇನು ಅಂತ ಕೇಳ್ರಿ. ಬ್ಯಾಡ ಬಿಡ್ರಿ, ಚಲೋ ಅದ ಅನ್ರಿ." ಅವಳೇ ಹೀಗೆ ರಿಯಾಯಿತಿ ಕೊಟ್ಟ ಮೇಲೆ ನಾನು ಸ್ವಲ್ಪ ಧಾರಾಳಿಯಾದೆ. "ಜನ್ಮದಲ್ಲಿ ಇಂಥ ಆಮಟಿ ತಿಂದಿರಲಿಲ್ಲವಂತೆ" ಎಂದು ಮರಾಠಿಯಲ್ಲಿ ತಿಳಿಸಿದೆ. ಒಂದು ರೀತಿಯಲ್ಲಿ ಅದು ನಿಜವೂ ಆಗಿತ್ತು.

ಅಂದಿನಿಂದ ಶುರುವಾಯಿತು ನನ್ನ ದುಭಾಷಿ ಕೆಲಸ. ಹೊಗಳಿಸಿಕೊಂಡವರು ಸುಮ್ಮನಿರುತ್ತಾರೆಯೇ? ವಾರಕ್ಕೊಮ್ಮೆ ಬರುತ್ತಿದ್ದ ಆಮಟಿ ದಿನ ಬಿಟ್ಟು ದಿನ ಬರತೊಡಗಿತು, ಪ್ರೀತಿ ಹೆಚ್ಚಿದಂತೆ ಬೆಲ್ಲವೂ ಹೆಚ್ಚಿತು. ಇತ್ತ ಗಿರಿಜಾ ಕಾಕೂಗೆಂದೇ ಇನ್ನಷ್ಟು ಖಡಕ್ಕಾಗಿ ರೊಟ್ಟಿ ಬೇಯಿಸತೊಡಗಿದಳು. ಅವಳು ಆಮಟಿ ಮುಟ್ಟುತ್ತಿರಲಿಲ್ಲ, ಚೆಲ್ಲಲು ಮನಸ್ಸೂ ಬರುತ್ತಿರಲಿಲ್ಲ. ಕೊನೆಗೆ ಅದು ಬರುತ್ತಿದ್ದುದು ನನ್ನ ತಟ್ಟೆಗೆ. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಅನ್ನುತ್ತಾರೆ, ಇಲ್ಲಿ ಎರಡು ಮನೆಯ ಸ್ನೇಹದಲ್ಲಿ ಗಂಡ ಸಕ್ಕರೆ ಕಾಯಿಲೆಯ ಹೊಸ್ತಿಲಿಗೆ ಬಂದ. ಆ ಕಾಯಿಲೆಯ ಬಗ್ಗೆ ಪೇಪರಿನಲ್ಲಿ ಬಂದದ್ದನ್ನೆಲ್ಲ ಓದಿದವನೂ ಅವನೇ.

ಆದರೂ ದೂರುವ ಹಾಗಿರಲಿಲ್ಲ. ಗಿರಿಜಾಳ ಉಳ್ಳಾಗಡ್ಡಿ ಹೆಚ್ಚುವ ಕೆಲಸ ನಿಂತುಹೋಗಿತ್ತು. ಮಧ್ಯಾಹ್ನ ಇಬ್ಬರೂ ಕೂತು ಕೈಸನ್ನೆ ಬಾಯಿಸನ್ನೆಯಲ್ಲಿ ಅವರೆಕಾಳು ಬಿಡಿಸುತ್ತಿದ್ದರು. ಇಬ್ಬರಿಗೂ ಏನೂ ಗೊತ್ತಿಲ್ಲ, ಇಬ್ಬರೂ ಸುಖಿಗಳು. ಎರಡೂ ಕಡೆಯ ಬೈಗುಳ ಗೊತ್ತಿದ್ದ ಒಬ್ಬನೇ ಒಬ್ಬ ಪ್ರಾಣಿ ನಾನು, ನನಗೆ ರಕ್ತದೊತ್ತಡ. ಕಾಕೂ ಒಂದು ದಿನ ನಮ್ಮ ಪರದೆಯ ಬಣ್ಣ ನೋಡಿ "ಇಲ್ಲಿ ಸರ್ಕಸ್ ಯಾವಾಗ ಶುರು?" ಎಂದರು. "ಮನಿ ಕಳೆಕಳೆಯಾಗಿ ಅದ ಅಂತಾರ" ಎಂದೆ. ಈ ಸ್ನೇಹದ ಗೋಡೆ ನನ್ನ ಒಂದು ಹೆಗಲ ಮೇಲೆ ನಿಂತಿದೆ, ನಾನು ಸರಿದರೆ ಕುಸಿದು ಗಿರಿಜಾ ಮತ್ತೆ ಗ್ಯಾಲರಿಗೆ ಹೋಗಿ ನಿಲ್ಲುತ್ತಾಳೆ ಎಂಬ ಹೆದರಿಕೆ. ಹೆದರಿಕೆಯ ಜತೆಗೇ ಒಂದಿಷ್ಟು ಹೆಮ್ಮೆಯೂ ಇತ್ತೆಂದು ಒಪ್ಪಿಕೊಳ್ಳಬೇಕು. ಎರಡು ರಾಜ್ಯಗಳ ಮುಖಂಡರಿಗೆ ಸಾಧ್ಯವಾಗದ್ದನ್ನು ಮೆಟ್ಟಿಲ ಬಳಿ ಬನಿಯನ್ನಿನಲ್ಲಿ ನಿಂತು ಸಾಧಿಸಿದವನು ನಾನು.

ಮೊನ್ನೆ ಮೊನ್ನೆ, ದೀಪಾವಳಿಯಾದ ಮೇಲಿನ ಒಂದು ಭಾನುವಾರ. ಕಾಕೂ ನಮ್ಮ ಕುರ್ಚಿಯಲ್ಲಿ ಕೂತು ಚಹಾ ಕುಡಿಯುತ್ತಿದ್ದರು. ಇದ್ದಕ್ಕಿದ್ದಂತೆ ಮರಾಠಿಯಲ್ಲಿ, "ನಿನ್ನ ಗಂಡನಂಥ ಸುಳ್ಳುಬುರುಕನನ್ನ ನಾನು ಈ ಪೇಟೆಯಲ್ಲೇ ನೋಡಿಲ್ಲ ಅಂತ ಗಿರಿಜಾಗೆ ಹೇಳಿ" ಎಂದರು. ಪಳಗಿದ ನಾಲಿಗೆ ತಾನೇ ಓಡಿತು. "ನನ್ನಂಥ ಸಜ್ಜನನ್ನ ಈ ಪ್ಯಾಟಿ ಒಳಗ ನೋಡೇ ಇಲ್ಲ ಅಂತಾರ" ಎಂದೆ.

ಗಿರಿಜಾ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಕಾಕೂ ಚಹಾದ ಕಪ್ಪು ಕೆಳಗಿಟ್ಟು, ಅಚ್ಚ ಕನ್ನಡದಲ್ಲಿ, ನಮ್ಮೂರ ರಾಗದಲ್ಲಿ ಕೇಳಿದರು, "ಖರೇ ಏನ್ರಿ?"

ಊರಿಗೆ ಬಂದವಳು ನೀರಿಗೆ ಬಾರದಿರುವಳೇ ಎಂಬ ಗಾದೆ ನನಗೆ ನೆನಪಾದದ್ದು ಆಗ. ನಾನು ರಾಂಜಣಗಾಂವದ ಬಸ್ಸಿನಲ್ಲಿ ಕೂತು ಜಗತ್ತಿನ ಸುದ್ದಿಯನ್ನೆಲ್ಲ ತಿಳಿದುಕೊಳ್ಳುತ್ತಿದ್ದಾಗ ಇಲ್ಲಿ ಮಾಸ್ತರಿಣಿ ಪಾಠ ಹೇಳುತ್ತಿದ್ದರು. ಮರಾಠಿ ಕಲಿಸಿ, ಬದಲಿಗೆ ಒಂದಿಷ್ಟು ಕನ್ನಡ ಕಲಿತಿದ್ದರು. ಮಳೆಗಾಲ ಮುಗಿಯುವಷ್ಟರಲ್ಲಿ ಗಿರಿಜಾಗೆ ಎಲ್ಲವೂ ತಿಳಿಯುತ್ತಿತ್ತು. ಅಲ್ಲಿಂದೀಚೆಗೆ ಕಾಕೂ ಆಡಿದ್ದೆಲ್ಲ ನಾನು ಅದನ್ನು ಹೇಗೆ ತಿರುಗಿಸುತ್ತೇನೆಂದು ನೋಡುವುದಕ್ಕಂತೆ. ಸರ್ಕಸ್ಸಿನ ಮಾತೂ ಆ ಸಾಲಿಗೇ ಸೇರಿತ್ತು.

ಕಾಕೂ ಹೋದ ಮೇಲೆ ಅಂಜುತ್ತಲೇ ಕೇಳಿದೆ, "ನಿನಗ ಸಿಟ್ಟ ಬರಲಿಲ್ಲೇನ?"

"ಬಂತಲ್ಲ. ಕಾಕೂ ರೊಟ್ಟಿ ಬಗ್ಗೆ ಖರೇನ ಏನಂದಿದ್ರು ಅಂತ ತಿಳಿದ ದಿನ ಅತ್ತುಬಿಟ್ಟೆ. ಮರುದಿನ ಹೋಗಿ ಆಮಟಿ ಬಗ್ಗೆ ಬರೋಬ್ಬರಿ ಹೇಳಿ ಬಂದೆ. ಅವರೂ ಸಿಟ್ಟಾದ್ರು, ಒಂದ ವಾರ ಬಾಗಲಾ ತಗೀಲಿಲ್ಲ. ಆಮ್ಯಾಲೆ ಅವರಾಗೇ ಬಂದು, ಹಂಗಾದ್ರ ಇಷ್ಟು ದಿನ ಆ ಆಮಟಿ ಯಾರು ತಿಂದ್ರು ಅಂತ ಕೇಳಿದ್ರು. ಇಬ್ಬರಿಗೂ ನಕ್ಕು ನಕ್ಕು ಹೊಟ್ಟಿ ನೋಯ್ತು."

ಅಂದರೆ ನಾನು ಹೆಗಲು ಕೊಟ್ಟು ಹಿಡಿದಿದ್ದ ಗೋಡೆ ಎಂದೋ ಬಿದ್ದು, ಅವರೇ ಮತ್ತೆ ಕಟ್ಟಿಕೊಂಡು, ಅದಕ್ಕೆ ಒರಗಿ ಕೂತಿದ್ದರು. ಜಗಳ, ಮೌನ, ರಾಜಿ ಎಲ್ಲ ನಡೆದ ಆ ವಾರ ನಾನು ಮನೆಯಲ್ಲೇ ಉಂಡು ಮಲಗಿದ್ದೆ, ಆಮಟಿ ಬರಲಿಲ್ಲವೆಂದು ಖುಷಿಯಲ್ಲಿ ಒಂದು ರೊಟ್ಟಿ ಹೆಚ್ಚಿಗೆ ತಿಂದಿದ್ದೆ. ಈಗ ಅವರಿಬ್ಬರೂ ಎದುರೆದುರೇ ಬೈದುಕೊಳ್ಳುತ್ತಾರೆ, ಮೊದಲಿಗಿಂತ ಹತ್ತಿರವಾಗಿದ್ದಾರೆ. ಹಾಗಾದರೆ ತಿಳಿಯುವುದರಿಂದಲೇ ಸುಖವೆಂದು ನನ್ನ ಸಿದ್ಧಾಂತವನ್ನು ತಿದ್ದಬೇಕೆಂದು ಪ್ರಾಮಾಣಿಕವಾಗಿ ನಿರ್ಧರಿಸಿದೆ.

ನಿನ್ನೆ ಸಂಜೆ ಬಸ್ಸಿಳಿದು ಬಂದಾಗ ಕಾಕೂ ಮನೆಯ ಮುಚ್ಚಿದ ಬಾಗಿಲ ಹಿಂದಿನಿಂದ ಇಬ್ಬರ ನಗು ಕೇಳುತ್ತಿತ್ತು. ನಡುನಡುವೆ ನನ್ನ ಹೆಸರೂ ಬಂದಂತಾಯಿತು. ಗಿರಿಜಾ ಕಣ್ಣೊರೆಸಿಕೊಳ್ಳುತ್ತ ಮನೆಗೆ ಬಂದಳು. "ಏನ ಅಷ್ಟು ನಗತಿದ್ರಿ?" ಎಂದೆ.

"ಏನಿಲ್ರಿ. ಇಂಥಾ ತಿಳುವಳಿಕಿ ಇದ್ದ ಗಂಡ ಸಿಗಬೇಕಂದ್ರ ಪುಣ್ಯಾ ಮಾಡಿರಬೇಕು ಅಂತಿದ್ರು ಕಾಕೂ." ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ.

ಮೂಲದಲ್ಲಿ ಏನಿದ್ದೀತೆಂದು ನನ್ನಂಥ ಅನುಭವಸ್ಥನಿಗೆ ಹೇಳಿಕೊಡಬೇಕಾಗಿಲ್ಲ. ಕಾಕೂ ಅವರ ಬಾಗಿಲು ನಾಲ್ಕು ಹೆಜ್ಜೆಯಲ್ಲಿತ್ತು, ಕೇಳಿದರೆ ಅವರು ಮುಚ್ಚಿಡುವವರೂ ಅಲ್ಲ. ನಾನು ಎದ್ದು ಹೋಗಿ ನಮ್ಮ ಬಾಗಿಲಿನ ಚಿಲಕ ಹಾಕಿ ಬಂದು ಕೂತೆ.

"ಮತ್ತೇನಂದ್ರು?" ಎಂದು ಕೇಳಿದೆ.