ಹರಿಗೋಲಿಗೆ ಮೋಟಾರು ಕೂರಿಸಿದ್ದು

ಈ ವರ್ಷ ಹಿನ್ನೀರಿನಲ್ಲಿ ನನ್ನ ಹರಿಗೋಲಿಗೆ ಸರಿಸಾಟಿ ಇನ್ನೊಂದು ಇರಬಾರದು ಎಂದು ಪಣ ತೊಟ್ಟೆ! ಹಗರಿಬೊಮ್ಮನಹಳ್ಳಿಯಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟವನು ನಾನು. ತುಂಗಭದ್ರೆಯ ಹಿನ್ನೀರಿನ ದಂಡೆಗೆ ಹೊಲವಿದೆ, ಹೊಲದಂಚಿಗೆ ಕಟ್ಟಿದ ಹರಿಗೋಲಿದೆ, ಫೋನಿನಲ್ಲಿ 'ಹರಿಗೋಲು ಬಳಗ' ಎಂಬ ವಾಟ್ಸಾಪ್ ಗುಂಪಿದೆ. ನನ್ನನ್ನು ಕೆಡಿಸಿದ್ದು ಈ ಗುಂಪು.

ದಂಡೆಯ ಊರುಗಳ ಹರಿಗೋಲಿನ ಮಾಲೀಕರೆಲ್ಲ ಅದರಲ್ಲಿದ್ದಾರೆ. ಯಾರು ತಳಕ್ಕೆ ಡಾಂಬರು ಬಳಿದರು, ಯಾರು ಹೆಬ್ಬಾತು ನೋಡಲು ಎಲ್ಲಿಯವರೆಗೆ ಹೋಗಿ ಬಂದರು, ಎಲ್ಲದಕ್ಕೂ ಫೋಟೋ. ಗುಂಪಿನ ಹಿರಿಯ ಪಾಲಾಕ್ಷಪ್ಪ ಕಬ್ಬಿನ ಹಾಲಿನ ಗಾಡಿಯ ಕೊಡೆ ತಂದು ತನ್ನ ಹರಿಗೋಲಿಗೆ ನೆಟ್ಟ. ಭೀಮರಾಜ ಹಳೇ ಬಸ್ಸಿನ ಸೀಟು ಕೂರಿಸಿ, ಅದಕ್ಕೆ ಒರಗಿ ಮಂಡಕ್ಕಿ ಮುಕ್ಕುವ ಫೋಟೋ ಹಾಕಿದ. ನನಗೆ ಹೊಟ್ಟೆ ಉರಿಯಿತು. ಅಂಗಡಿ ತುಂಬ ನಟ್ಟು ಬೋಲ್ಟು ಇಟ್ಟುಕೊಂಡು ನಾನು ಬರೀ ಲೈಕ್ ಒತ್ತುತ್ತ ಕೂಡುವುದೇ?

ಕಳೆ ಕೊಚ್ಚುವ ಹಳೇ ಯಂತ್ರದ ಬ್ಲೇಡು ಬಿಚ್ಚಿ, ಟೇಬಲ್ ಫ್ಯಾನಿನ ರೆಕ್ಕೆ ಸಿಕ್ಕಿಸಿ, ಹರಿಗೋಲಿನ ಅಂಚಿಗೆ ಬ್ರಹ್ಮ ಬಂದರೂ ಅಲ್ಲಾಡದಂತೆ ಬಿಗಿದೆ. ಗುಂಪಿಗೆ ಘೋಷಣೆಯನ್ನೂ ಹೊರಡಿಸಿದೆ: "ಭಾನುವಾರ ಮೋಟಾರ್ ಹರಿಗೋಲಿನ ಪ್ರಥಮ ಯಾನ. ಆಚೆ ದಂಡೆಯವರು ಸ್ವಾಗತಕ್ಕೆ ಸಿದ್ಧರಿರುವುದು!"

ಅದೇ ಭಾನುವಾರ ಆಚೆ ದಂಡೆಯ ಊರಿನಲ್ಲಿ ನನ್ನ ಹೆಂಡತಿ ಶೈಲಾಳ ಅಕ್ಕನ ಮಗಳು ಅಮೃತಾಳ ಕುಬುಸ. ಚೊಚ್ಚಲ ಬಸುರಿ. ಹೊತ್ತು ನೆತ್ತಿಗೆ ಬರುವುದರೊಳಗೆ ಚಿಕ್ಕಮ್ಮನ ಬುತ್ತಿ ಬಂದು ಉಡಿ ತುಂಬಬೇಕು. ಬುತ್ತಿ ಹಿಡಿದು ಹೊರಟವಳು ದಾರಿಯಲ್ಲಿ ಒಮ್ಮೆಯೂ ಹಿಂದಿರುಗಿ ನೋಡಬಾರದು, ನೋಡಿದರೆ ಆ ಬುತ್ತಿ ಬಸುರಿಗೆ ಸಲ್ಲದು. ಇದು ಶೈಲಾಳ ತವರಿನ ಪದ್ಧತಿ. ಅಮೃತಾಳನ್ನು ಎತ್ತಿ ಆಡಿಸಿದ ಶೈಲಾ ಹೋಳಿಗೆ, ಕರಿಗಡುಬು, ಎಳ್ಳು ಹಚ್ಚಿದ ರೊಟ್ಟಿ ಎಲ್ಲವನ್ನೂ ತಾನೊಬ್ಬಳೇ ಮಾಡಿದ್ದಳು.

"ಬಸ್ಸಿಗೆ ಹೋಗೂಣು ರೀ," ಎಂದಳು.

"ಬಸ್ಸು ಹಿನ್ನೀರು ಪೂರಾ ಸುತ್ತತೈತಿ. ನಂದು ಬಾಣ ಬಿಟ್ಟಂಗ ಹೋಗತೈತಿ, ಕೂಡು."

"ಹುಟ್ಟು ಇಟ್ಕೊಂಡೀರಿಲ್ಲ?"

"ವಿಮಾನದಾಗ ಯಾರರ ಹುಟ್ಟು ಇಟ್ಕೋತಾರೇನು?"

ದಂಡೆ ಬಿಟ್ಟು ಒಂದಷ್ಟು ದೂರ ಬಾಣದ ಹಾಗೇ ಹೋಯಿತು. ಆಮೇಲೆ ಬಾಣಕ್ಕೆ ತಲೆ ತಿರುಗಿತು! ದುಂಡಗಿನ ಹರಿಗೋಲನ್ನು ಅಂಚಿನಿಂದ ತಳ್ಳಿದರೆ ಅದು ಬುಗುರಿಯಾಗುತ್ತದೆ ಎಂಬ ವಿಚಾರ ನನಗೆ ನಡುನೀರಿನಲ್ಲಿ ಹೊಳೆಯಿತು.

"ರೀ, ನಮ್ಮ ದಂಡಿ ಎದುರಿಗೆ ಬರಾಕತ್ತೈತಿ. ನಾ ಹಿಂದ ನೋಡಂಗಿಲ್ಲ!"

ಹರಿಗೋಲು ಬಲಕ್ಕೆ ತಿರುಗಿದರೆ ಇವಳು ಕೂತಲ್ಲೇ ಎಡಕ್ಕೆ ತಿರುಗಿ ಮುಖವನ್ನು ಅಕ್ಕನ ಊರಿನತ್ತಲೇ ಇಟ್ಟಳು. ಹರಿಗೋಲು ಗೆಲ್ಲತೊಡಗಿತು. ಕಡೆಗೆ ನನ್ನ ಹೆಗಲ ಮೇಲಿನ ಟವೆಲ್ ಕಿತ್ತುಕೊಂಡು ಕಣ್ಣಿಗೆ ಕಟ್ಟಿಕೊಂಡಳು.

ಆಚೆ ದಂಡೆಯಲ್ಲಿ ಪಾಲಾಕ್ಷಪ್ಪನ ಸ್ವಾಗತ ಸಮಿತಿ ಫೋನು ಹಿಡಿದು ನಿಂತಿತ್ತು. ಕಾಪಾಡಿ ಎಂದು ನಾನು ಎರಡೂ ಕೈ ಬೀಸಿದೆ. ಅವರೂ ಬೀಸಿದರು. "ಇನ್ನೊಂದು ಸುತ್ತು ಹೊಡೀರಿ!" ಎಂಬ ಕೂಗು ತೇಲಿ ಬಂತು.

ಮೋಟಾರು ಆರಿಸಿದೆ. ಈಗ ಗಾಳಿ ನಮ್ಮನ್ನು ಮೆಲ್ಲಗೆ ನಮ್ಮ ಹೊಲದ ಕಡೆಗೇ ತಳ್ಳತೊಡಗಿತು. ಹೊತ್ತು ಏರುತ್ತಿತ್ತು.

"ಆ ಹುಡುಗಿ ಮಣಿ ಮ್ಯಾಲ ಕುಂತು ದಾರಿ ನೋಡಾಕತ್ತಿರತಾಳ್ರೀ," ಎಂದಳು ಶೈಲಾ. ಅವಳು ಬೈದಿದ್ದರೆ ನನಗೆ ಸಲೀಸಾಗುತ್ತಿತ್ತು. ನಿಜಕ್ಕೂ ನಾಚಿಕೆಯಾಯಿತು.

ಬುತ್ತಿಗೆ ಮುಚ್ಚಿದ್ದ ಹಿತ್ತಾಳೆ ತಾಟು ತೆಗೆದು ಬದಿಯಿಂದ ನೀರು ತಳ್ಳಿದೆ. ಹರಿಗೋಲು ಈ ಸಲ ಎಡಕ್ಕೆ ತಿರುಗಿತು.

"ತಾಟು ಇಲ್ಲಿ ಕೊಡ್ರಿ. ನೀವು ದಾರಿ ಅಷ್ಟ ಹೇಳ್ರಿ."

ಆ ದಂಡೆಯಲ್ಲೇ ಹುಟ್ಟಿ ಬೆಳೆದವಳು. ಮೊಣಕಾಲೂರಿ ಮುಂದಕ್ಕೆ ಬಾಗಿ, ಎದುರಿನ ನೀರನ್ನು ತಾಟಿನಿಂದ ತನ್ನತ್ತ ಎಳೆಯುತ್ತ ಹೋದಳು. ಮೋಟಾರಿಗೆ ಬಗ್ಗದ ಹರಿಗೋಲು ತಾಟಿಗೆ ಬಗ್ಗಿತು. ನಾನು "ಸ್ವಲ್ಪ ಎಡಕ್ಕ, ಇನ್ನ ಚೂರು ಬಲಕ್ಕ" ಎನ್ನುವ ಹುದ್ದೆಯನ್ನು ನಿಷ್ಠೆಯಿಂದ ನಿಭಾಯಿಸಿದೆ. ದಂಡೆ ಮುಟ್ಟಿದಾಗ ಅವಳ ಅಕ್ಕ ದಾಕ್ಷಾಯಣಮ್ಮ ಓಡಿ ಬಂದು ಬುತ್ತಿ ಇಳಿಸಿಕೊಂಡರು. ಹೊತ್ತು ನೆತ್ತಿಗೆ ಬರುವ ಮೊದಲೇ ಉಡಿ ತುಂಬಿತು. ಅಮೃತಾ ಮೊದಲು ಮುರಿದದ್ದು ಚಿಕ್ಕಮ್ಮನ ಹೋಳಿಗೆಯನ್ನೇ.

ಸಂಜೆ ಹೊರಟು ನಿಂತಾಗ ಪಾಲಾಕ್ಷಪ್ಪ ತನ್ನ ಹುಟ್ಟು ತಂದ. ನಾನು ಕೈ ಚಾಚಿದೆ. ಅವನು ಅದನ್ನು ನನ್ನನ್ನು ದಾಟಿಸಿ ಶೈಲಾಳಿಗೆ ಕೊಟ್ಟ. ಅವಳು ಮುಂದೆ ಕೂತು, ಅದೇ ಟವೆಲನ್ನು ನನ್ನ ಮಡಿಲಿಗೆ ಎಸೆದಳು.

"ಕಣ್ಣಿಗೆ ಕಟ್ಕೊಳ್ರಿ."

"ಈಗ ಬುತ್ತಿ ಇಲ್ಲಲ್ಲ, ಯಾಕ?"

"ಕಣ್ಣು ಬಿಟ್ಕೊಂಡು ಕುಂತ್ರ ನಿಮಗ ಈ ಹರಿಗೋಲಿಗೆ ಮತ್ತ ಏನರ ಸುಧಾರಣೆ ಮಾಡೂದು ಕಾಣತೈತಿ."

ಬಿಗಿಯಾಗಿ ಕಟ್ಟಿಕೊಂಡೆ.