ಹೂವಿಲ್ಲದ ಬಳ್ಳಿಗೆ ಅಕ್ಕನ ಕಾವಲು

ನನ್ನಕ್ಕನಿಗೊಬ್ಬ ಪ್ರಿಯಕರನಿದ್ದ ಎಂದರೆ ಗಾಳಿಬೀಡಿನಲ್ಲಿ ಯಾರು ನಂಬುತ್ತಾರೆ? ಇದ್ದ ಸ್ವಾಮಿ! ಎರಡಾಳೆತ್ತರ, ಮೈಯೆಲ್ಲ ಹಸಿರು, ವಾಸ ನಾವು ಕೂಲಿ ಮಾಡುತ್ತಿದ್ದ ಕಾಫಿ ಎಸ್ಟೇಟಿನ ಅಂಚಿನ ಹಲಸಿನ ಮರ. ಅದೊಂದು ಬಳ್ಳಿ.

ಪಾಚಿಯ ದೂರದ ನೆಂಟನಂತಿದ್ದ ಅದಕ್ಕೆ ನಮ್ಮ ಕಡೆ ಹೆಸರೂ ಇರಲಿಲ್ಲ. ಹಿಡಿದು ಹತ್ತಲು ಸುರುಳಿಯಿಲ್ಲ, ಪಕ್ಕದವರ ಮೇಲೆ ಒರಗಿ ಒರಗಿಯೇ ಏರುವುದು. ಎಲೆಯೋ, ಮೀನಿನ ಹುರುಪೆಯಷ್ಟು! ತುದಿ ಎರಡಾಗಿ ಕವಲೊಡೆಯುತ್ತದೆ, ಆ ಎರಡೂ ಮತ್ತೆ ಎರಡಾಗುತ್ತವೆ. ಮೂರು ಎಂಬುದೇ ಅದಕ್ಕೆ ಗೊತ್ತಿಲ್ಲ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟ ನಾನೇ ವಾಸಿ.

ಅಕ್ಕ ತೋಟದ ಕಳೆಯನ್ನೆಲ್ಲ ಕಿತ್ತು ಇದೊಂದನ್ನು ಬಿಡುತ್ತಿದ್ದಳು. ಆಳುಗಳ ಲೆಕ್ಕ ಬರೆಯುವ ರೈಟರ್ ಕೂಗಾಡಿದರು.

"ಕಳೆ ತೆಗಿ ಅಂದ್ರೆ ಕಳೆಗೇ ಕಾವಲು ಕೂತಿದ್ದೀಯಲ್ಲ ಮಾರಾಯ್ತಿ!"

"ಪಿಕ್ಕಿಂಗ್ ಟೈಮಲ್ಲಿ ನೀವು ನಮ್ಮನ್ನ ಕಾಯೋದಿಲ್ವಾ? ಹಂಗೇ."

ಒಮ್ಮೆ ನಾನೂ ಕೆಣಕಿದೆ: "ಹೂವಿಲ್ಲ, ಕಾಯಿಲ್ಲ, ಎಂತಕ್ಕಕ್ಕ ಅದು?"

ನಲವತ್ತಾದರೂ ಮದುವೆಯಾಗದ ಅಕ್ಕ ಅಂದಳು: "ನಂಗೂ ಇಲ್ಲ. ನನ್ನನ್ನೂ ಕಿತ್ತು ಬಿಸಾಕ್ತೀಯೇನೋ?"

ಅಲ್ಲಿದ್ದ ಆಳುಗಳೆಲ್ಲ ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವನು ನಾನು.

ಅಕ್ಕ ಕಾವಲು ಕೂತ ಏಳನೇ ವರ್ಷ ಬಳ್ಳಿಯಲ್ಲಿ ಮೊದಲ ಸಲ ತೆನೆ ಮೂಡಿತು. ಬೆರಳುದ್ದ, ಜೋಡಿಜೋಡಿಯಾಗಿ ತೂಗಾಡುವ ತಿಳಿಹಸಿರು. ಹಣ್ಣಾದರೆ ಹಳದಿ ಪುಡಿ ಉದುರುತ್ತದೆ, ಅದೇ ಅದರ ಬೀಜ, ಕಕ್ಕಬೆಯ ಕಾಡಿನಲ್ಲಿ ನೋಡಿದ್ದೇನೆ ಎನ್ನುತ್ತಿದ್ದಳು. ಪುಡಿಯನ್ನು ಒಂದೊಂದು ಮರದ ಬುಡಕ್ಕೂ ಹಾಕುವ ಆಸೆ. ಮಗಳು ಬಾಣಂತನಕ್ಕೆ ಬಂದಂಥ ಸಡಗರ! ದಿನಕ್ಕೆರಡು ಸಲ ಹೋಗಿ ನೋಡುವಳು.

ಕೊಡಗು ಆಗ ತನ್ನಷ್ಟಕ್ಕೆ ತಾನೇ ಒಂದು ರಾಜ್ಯ. ಯಾರೋ ದೊಡ್ಡ ಅಧಿಕಾರಿ ನಮ್ಮ ದಾರಿಯಲ್ಲಿ ಹೋಗುತ್ತಾರೆಂದು ಸ್ವಾಗತದ ಕಮಾನು ಕಟ್ಟುವ ಕೆಲಸ ನನ್ನ ಪಾಲಿಗೆ ಬಂತು. ಮಾವಿನೆಲೆ ಮಧ್ಯಾಹ್ನಕ್ಕೇ ಬಾಡುತ್ತದೆ. ಈ ಬಳ್ಳಿ ಕಿತ್ತರೂ ವಾರ ಬಾಡದು. ಇದನ್ನು ನನಗೆ ಹೇಳಿಕೊಟ್ಟವಳೂ ಅಕ್ಕನೇ! ಬುಡಸಮೇತ ಎಳೆದೆ.

ಕಮಾನು ನೋಡಿ ರೈಟರ್ ನನ್ನ ಬೆನ್ನು ತಟ್ಟಿದರು. ಅಧಿಕಾರಿಗಳು ನಮ್ಮ ದಾರಿಗೆ ಬಾರದೆ ಮೂರ್ನಾಡಿನ ಕಡೆಯಿಂದಲೇ ಹೊರಟುಹೋದರಂತೆ. ಕಮಾನಿನ ಕೆಳಗೆ ಬಂದ ಗಣ್ಯರು ಇಬ್ಬರೇ: ಮೊದಲು ಒಂದು ಎಮ್ಮೆ, ಆಮೇಲೆ ಅಕ್ಕ.

ಅಕ್ಕ ತಲೆಯೆತ್ತಿ ತುಂಬ ಹೊತ್ತು ನೋಡಿದಳು. ತೆನೆ ಇನ್ನೂ ಹಸಿರಾಗಿಯೇ ಇತ್ತು.

"ಇನ್ನೊಂದು ಹದಿನೈದು ದಿನ ತಡೀಬಾರದಿತ್ತೇನೋ?"

ಅಷ್ಟೇ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಬಳ್ಳಿಯನ್ನು ಬಿಚ್ಚಿ ಮನೆಗೆ ಒಯ್ದು ಒಣಗಿಸಿದಳು. ತೆನೆ ತಟ್ಟಿದಾಗ ಸಿಕ್ಕ ಚಿಟಿಕೆ ಪುಡಿಯನ್ನು ಹಲಸಿನ ಬುಡಕ್ಕೆ ಉದುರಿಸಿದಳು.

"ಹುಟ್ಟುತ್ತಾ ಅಕ್ಕ?"

"ಎಳಸು. ಯಾರಿಗೆ ಗೊತ್ತು?"

ತಪ್ಪಾಯಿತು ಎನ್ನಲು ಬಾಯಿ ಬರಲಿಲ್ಲ. ನಾಳೆ ಹೇಳೋಣ, ನಾಡಿದ್ದು ಹೇಳೋಣ ಎನ್ನುತ್ತಿರುವಾಗಲೇ ಮುಂದಿನ ಮಳೆಗಾಲದ ಜ್ವರ ಅವಳನ್ನು ಒಯ್ದಿತು.

ಎಷ್ಟೋ ಮಳೆಗಾಲ ಕಳೆದವು. ಅಲ್ಲಿ ಏನೂ ಹುಟ್ಟಿಲ್ಲ. ಹುಟ್ಟುವುದೂ ಇಲ್ಲ, ನನಗೆ ಗೊತ್ತು. ಆದರೂ ಕಳೆ ತೆಗೆಯುವಾಗ ಆ ಬುಡಕ್ಕೆ ಕತ್ತಿ ತಾಗಿಸುವುದಿಲ್ಲ. ಹೊಸ ರೈಟರ್ ದಿನಾ ಕಿರುಚುತ್ತಾನೆ.

"ಅಲ್ಲಿ ಎಂತ ಉಂಟು ಅಂತ ಬಿಟ್ಟಿದ್ದೀಯ ಮಾರಾಯಾ?"

"ಏನೂ ಇಲ್ಲ ಸಾರ್," ಎನ್ನುತ್ತೇನೆ. "ಅಕ್ಕ ಬಿತ್ತಿದ್ದು."