ಯು.ಪಿ.ಎಸ್. ನಮ್ಮದು

ನಮ್ಮ ಮನೆಯ ಹೊಸ್ತಿಲು ದಾಟುವ ಯಾವ ವಸ್ತುವೂ ಒಂದು ಗಲಾಟೆಯನ್ನು ಮುಂದೆ ಕಳುಹಿಸಿಯೇ ಒಳಗೆ ಬರುವುದು. ಗ್ಯಾಸ್ ಬಂದದ್ದು ಹಾಗೆ, ಫ್ರಿಜ್ಜೂ ಹಾಗೆಯೇ. ಮೊನ್ನೆ ಮಗಳು ಟ್ಯಾಬ್ ಕೇಳಿದಾಗ ನನ್ನ ಬಾಯಿಂದಲೇ "ಅಪ್ಪನಲ್ಲಿ ಕೇಳು" ಎಂದು ಬಂತು. ಹೇಳಿದ ಮೇಲೆ, ನಾನು ಕಂಪ್ಯೂಟರ್ ಕೇಳಿದ ಕಾಲ ನೆನಪಾಗಿ ಒಬ್ಬಳೇ ನಕ್ಕೆ.

ಅದು ಎರಡು ಸಾವಿರದ ಮೂರರ ಸುಮಾರು. ಬಿ.ಎ. ಮುಗಿಸಿ, ಕಾಸರಗೋಡಿಗೆ ಹೋಗಿ ಡಿ.ಟಿ.ಪಿ. ಕಲಿತು, ಬೆಳ್ಳೂರಿನ ಮನೆಯಲ್ಲಿ ಕೂತಿದ್ದೆ. ಪೇಟೆಯ ಪ್ರೆಸ್ಸಿನ ಧಣಿ ಒಂದು ದಾರಿ ತೋರಿಸಿದ್ದರು. "ಮಲಯಾಳ ಟೈಪ್ ಮಾಡುವವರು ಬೇಕಾದಷ್ಟು ಉಂಟು, ಕನ್ನಡಕ್ಕೆ ಜನ ಇಲ್ಲ. ನೀನು ಮನೆಯಲ್ಲಿ ಕಂಪ್ಯೂಟರ್ ಮಾಡಿಕೊಂಡರೆ ಮದುವೆ ಕಾಗದ ಎಲ್ಲ ನಿನಗೇ. ಆದರೆ ಸೀಸನ್ ಶುರುವಾಗುವ ಮೊದಲು ಆಗಬೇಕು. ಇಲ್ಲದಿದ್ದರೆ ನಾನು ಮಂಗಳೂರಿನಲ್ಲಿ ಮಾಡಿಸುತ್ತೇನೆ."

ಇನ್ನೊಂದು ದಾರಿ ಮನೆಯವರು ನೋಡಿಟ್ಟಿದ್ದರು. ಊರವರ ಮದುವೆ ಕಾಗದದ ಬದಲು ನನ್ನದೇ ಒಂದು ಅಚ್ಚು ಹಾಕಿಸುವುದು. ಹಾಗಾಗಿ ನನಗೆ ಕಂಪ್ಯೂಟರ್ ಬೇಕಿತ್ತು, ಅದೂ ಬೇಗ.

ಮಾತುಕತೆ ಎಲ್ಲ ಆದದ್ದು ತುಳುವಿನಲ್ಲಿ. ಕನ್ನಡದಲ್ಲಿ ಬರೆಯುವಾಗ ಅದಕ್ಕೆ ಇಲ್ಲದ ಮರ್ಯಾದೆ ಬಂದಿದೆ.

ಮನೆ ಯಾರದ್ದು

ಅಪ್ಪ ಊರಿನ ಶಾಲೆಯಲ್ಲಿ ಮಾಸ್ಟ್ರಾಗಿದ್ದು ನಿವೃತ್ತರಾದವರು. ಇಡೀ ಊರಿಗೆ ಬುದ್ಧಿ ಹೇಳುತ್ತಿದ್ದರು, ಮನೆಯಲ್ಲಿ ಮಾತ್ರ ಪೇಪರ್ ಓದುತ್ತಿದ್ದರು. ನಮ್ಮಲ್ಲಿ ಹೆಂಗಸರ ಕಡೆಯಿಂದ ಆಸ್ತಿ ಇಳಿಯುವುದು. ಮನೆ ಅಮ್ಮನ ತರವಾಡಿನದ್ದು, ಎಂದರೆ ಅವರ ತಾಯಿಯ ಕಡೆಯ ಕುಟುಂಬದ್ದು. ಶಾಲೆ ನಿಂತ ಜಾಗವೂ ಒಂದು ಕಾಲದಲ್ಲಿ ಅವರದ್ದೇ, ಈಗ ಶಾಲೆ ನಡೆಸುವ ಮ್ಯಾನೇಜರರದ್ದು.

"ಅಪ್ಪಾ, ನನಗೆ ಒಂದು ಕಂಪ್ಯೂಟರ್ ಬೇಕು."

ಅಪ್ಪ ಪೇಪರ್ ಇಳಿಸಲಿಲ್ಲ. "ಮನೆ ನಿನ್ನ ಅಮ್ಮಂದು. ಗೋಡೆಗೆ ಮೊಳೆ ಹೊಡೆಯಬೇಕಾದರೂ ನಾನು ಅವಳಲ್ಲಿ ಕೇಳುವುದು. ಅವಳಲ್ಲಿ ಕೇಳು."

ಅಮ್ಮ ಕಾಯಿ ತುರಿಯುತ್ತಿದ್ದರು. "ಅಷ್ಟು ದೊಡ್ಡ ವಿಷಯ ನಾನು ಒಬ್ಬಳೇ ಹೇಗೆ ಹೇಳುವುದು? ನಿನ್ನ ಮಾವನಲ್ಲಿ ಕೇಳಬೇಕು."

ಮಾವ, ಎಂದರೆ ಅಮ್ಮನ ಅಣ್ಣ, ದುಬಾಯಿಯಲ್ಲಿ. ಅವರ ಫೋನು ಬರುವುದು ಶುಕ್ರವಾರ. ಅಲ್ಲಿಯವರೆಗೆ ಕಾದೆ. ಮಾವ ಎಲ್ಲ ಕೇಳಿ, ಗಂಟಲು ಸರಿಮಾಡಿಕೊಂಡು ಹೇಳಿದರು: "ನನಗೆ ಇದೆಲ್ಲ ಎಂತ ಗೊತ್ತು ಮಗಾ? ನಾನು ಇಲ್ಲಿ ಗಾಡಿ ಓಡಿಸುವವ. ಮನೆಯಲ್ಲಿ ಓದಿದವರು ನಿನ್ನ ಅಪ್ಪ. ಅವರಲ್ಲಿ ಒಂದು ಮಾತು ಕೇಳು."

ಫೋನು ಇಟ್ಟು ಜಗಲಿಗೆ ಬಂದೆ. ಅಪ್ಪ ಪೇಪರಿನ ಹಿಂದಿನಿಂದಲೇ ಕೇಳಿದರು: "ಮಾವ ಎಂತ ಹೇಳಿದರು? ಅವರು ಹೇಳಿದ ಹಾಗೆ ಮಾಡುವ."

ಒಂದೇ ಪ್ಲಗ್ಗು

ಮುಂದಿನ ತಕರಾರು ಎಲ್ಲಿ ಇಡುವುದು ಎಂದು. ಮನೆಯಲ್ಲಿ ಗಟ್ಟಿಯಾಗಿದ್ದ ಪ್ಲಗ್ಗು ಒಂದೇ. ಅದು ಅಡುಗೆಮನೆಯಲ್ಲಿ, ಮಿಕ್ಸಿಯದ್ದು.

"ಅಲ್ಲೇ ಇಡು," ಎಂದರು ಅಮ್ಮ. "ನಾನು ಬೇಡ ಎನ್ನುವುದಿಲ್ಲ. ಬೆಳಿಗ್ಗೆ ಚಟ್ನಿ ಆಗುವವರೆಗೆ ಮಿಕ್ಸಿ, ಆಮೇಲೆ ಕಂಪ್ಯೂಟರ್. ಮಧ್ಯಾಹ್ನ ಪದಾರ್ಥಕ್ಕೆ ಅರೆಯುವಾಗ ಪುನಃ ಮಿಕ್ಸಿ."

"ಅಮ್ಮಾ, ಟೈಪ್ ಮಾಡುವಾಗ ಮಧ್ಯದಲ್ಲಿ ತೆಗೆದರೆ ಬರೆದದ್ದೆಲ್ಲ ಹೋಗುತ್ತದೆ."

ಅಮ್ಮ ಮಿಕ್ಸಿಯ ಜಾರನ್ನು ನನ್ನ ಕಡೆ ಸರಿಸಿದರು. "ಹಾಗಾದರೆ ಅರೆಯುವ ಕೆಲಸವೂ ನೀನೇ ಮಾಡು. ಯಾವಾಗ ತೆಗೆಯಬೇಕೆಂದು ನಿನಗೇ ಗೊತ್ತಾಗುತ್ತದೆ."

ಕಾಲಿನ ಕಂಪ್ಯೂಟರ್

ಅಷ್ಟರಲ್ಲಿ ಕುಂಬ್ಡಾಜೆಯ ಕಡೆಯಿಂದ ನನ್ನನ್ನು ನೋಡಲು ಒಂದು ಗುಂಪು ಬಂತು. ಹುಡುಗ ಸುಮ್ಮನೆ ಕೂತಿದ್ದ, ಮಾತೆಲ್ಲ ಅವನ ಚಿಕ್ಕಮ್ಮನದ್ದು.

"ಹುಡುಗಿ ಓದು ಮುಗಿಸಿ ಮನೆಯಲ್ಲಿ ಸುಮ್ಮನೆ ಇರುವುದಾ?"

ಈ 'ಸುಮ್ಮನೆ' ಎಂಬ ಶಬ್ದ ಅಮ್ಮನಿಗೆ ಎಲ್ಲಿಗೋ ತಾಗಿತು. ಅಡುಗೆಮನೆಯಲ್ಲಿ ನನಗೆ ಅದನ್ನೇ ದಿನಾ ಹೇಳುವವರು, ಬೇರೆಯವರು ಹೇಳಿದರೆ ಬಿಡುತ್ತಾರಾ?

"ಸುಮ್ಮನೆ ಎಂತ? ಅವಳದ್ದು ಕಂಪ್ಯೂಟರಿನ ಕೆಲಸ. ಮನೆಯಲ್ಲೇ."

"ಹೌದಾ? ಕಂಪ್ಯೂಟರ್ ಉಂಟಾ ಮನೆಯಲ್ಲಿ?"

ಅಮ್ಮನ ಕಣ್ಣು ಚಾವಡಿಯನ್ನು ಒಂದು ಸುತ್ತು ಹಾಕಿ, ಮೂಲೆಯಲ್ಲಿ ಕಸೂತಿ ಬಟ್ಟೆ ಹೊದ್ದು ಕೂತಿದ್ದ ಹೊಲಿಗೆ ಮೆಷಿನ್ನಿನ ಮೇಲೆ ನಿಂತಿತು. "ಅಗೋ, ನಿಮ್ಮ ಹತ್ತಿರವೇ ಉಂಟಲ್ಲ. ಧೂಳು ಹಿಡಿಯುತ್ತದೆಂದು ಮುಚ್ಚಿಟ್ಟದ್ದು."

ಅಪ್ಪ ಕೆಮ್ಮಿದರು. ನಾನು ಚಹಾದ ತಟ್ಟೆಯನ್ನು ಗಟ್ಟಿಯಾಗಿ ಹಿಡಿದುಕೊಂಡೆ. ಚಿಕ್ಕಮ್ಮ ಗೌರವದಿಂದ ಆ ಕಡೆ ತಿರುಗಿ, ಆರಾಮವಾಗಿ ಕಾಲು ಚಾಚಿದರು. ಕಾಲು ಹೋಗಿ ಪೆಡಲಿನ ಮೇಲೆ ಬಿತ್ತು. ಬಟ್ಟೆಯ ಒಳಗಿನಿಂದ ಟಕಟಕಟಕ ಎಂದು ಶಬ್ದ.

ಚಿಕ್ಕಮ್ಮ ಬಗ್ಗಿ ನೋಡಿದರು. "ಇದು ಕಾಲಲ್ಲಿ ಒತ್ತುವುದಾ?"

ಅಮ್ಮ ಕಣ್ಣು ಮಿಟುಕಿಸದೆ ಹೇಳಿದರು: "ಹೌದು. ಇಲ್ಲಿ ಕರೆಂಟು ಆಗಾಗ ಹೋಗುತ್ತದಲ್ಲ."

ಸಂಬಂಧ ಮುಂದೆ ಹೋಗಲಿಲ್ಲ. ನಮ್ಮಲ್ಲಿ ಕಂಪ್ಯೂಟರ್ ಉಂಟೆಂಬ ಸುದ್ದಿ ಮಾತ್ರ ಊರೆಲ್ಲ ಹೋಯಿತು. ನೋಡಲು ಜನ ಬರತೊಡಗಿದರು. ಎರಡು ಮನೆಯವರನ್ನು ಮೆಟ್ಟಿಲಿನಲ್ಲೇ ಮಾತಾಡಿಸಿ ಕಳುಹಿಸಿದ ಮೇಲೆ ಅಮ್ಮ ಜಗಲಿಗೆ ಬಂದು ಅಪ್ಪನ ಕೈಯ ಪೇಪರ್ ತೆಗೆದರು.

"ನೀವು ಇನ್ನೂ ಕಂಪ್ಯೂಟರ್ ತರದಿದ್ದರೆ ನಾನು ಸುಳ್ಳು ಹೇಳಿದ ಹಾಗೆ ಆಗುತ್ತದೆ."

ಯು.ಪಿ.ಎಸ್.

ಅಂತೂ ಅಪ್ಪನೂ ನಾನೂ ಕಾಸರಗೋಡಿಗೆ ಹೋದೆವು. ಅಂಗಡಿಯವ ಎಲ್ಲ ತೋರಿಸಿ ಕೊನೆಗೆ, "ನಿಮ್ಮ ಕಡೆ ಕರೆಂಟು ಹೋಗುತ್ತಿರುತ್ತದಲ್ಲ ಮಾಸ್ಟ್ರೇ, ಒಂದು ಯು.ಪಿ.ಎಸ್. ಬೇಕಾಗುತ್ತದೆ" ಎಂದ.

"ಯು.ಪಿ.ಎಸ್. ನಮ್ಮಲ್ಲಿ ಮನೆಯ ಹತ್ತಿರವೇ ಉಂಟು," ಎಂದರು ಅಪ್ಪ. "ನಾನು ಅಲ್ಲೇ ಇದ್ದದ್ದಲ್ಲವಾ?"

ಅಪ್ಪನ ತಪ್ಪಲ್ಲ. ಕೇರಳದಲ್ಲಿ ಏಳನೇ ಕ್ಲಾಸಿನವರೆಗಿನ ಶಾಲೆ, ಅಪ್ಪರ್ ಪ್ರೈಮರಿ ಸ್ಕೂಲ್, ಎಂದರೆ ಯು.ಪಿ.ಎಸ್. ಬೋರ್ಡಿನಲ್ಲೂ ಹಾಗೆಯೇ, ಬಾಯಲ್ಲೂ ಹಾಗೆಯೇ. ಕರೆಂಟು ಹೋದಾಗ ಕಂಪ್ಯೂಟರನ್ನು ಸ್ವಲ್ಪ ಹೊತ್ತು ಹಿಡಿದು ನಿಲ್ಲಿಸುವ ಪೆಟ್ಟಿಗೆಗೂ ಅದೇ ಹೆಸರು ಎಂದು ನಾನು ಬಿಡಿಸಿ ಹೇಳಿದೆ. ಅಪ್ಪ ಒಪ್ಪಿದರು. ಆದರೆ ಆ ಪೆಟ್ಟಿಗೆ ಅಂಗಡಿಯಲ್ಲಿ ಮುಗಿದಿತ್ತು. ಬಂದ ಕೂಡಲೇ ಬಸ್ಸಿನಲ್ಲಿ ಹಾಕಿ ಕಳುಹಿಸುತ್ತೇನೆ ಎಂದ ಅಂಗಡಿಯವ.

ಕಂಪ್ಯೂಟರ್ ಜೀಪಿನಲ್ಲಿ ಬಂತು. ಹೊಸ ಪ್ಲಗ್ಗೂ ಆಯಿತು. ಪ್ರೆಸ್ಸಿನಿಂದ ಮೊದಲನೆಯ ಮದುವೆ ಕಾಗದವೂ ಬಂತು. ನಾನು 'ಶ್ರೀ ಗಣೇಶಾಯ ನಮಃ' ಎಂದು ಶುರುಮಾಡಿ ವರನ ಅಜ್ಜನ ಹೆಸರಿಗೆ ಬರುವಾಗ ಕರೆಂಟು ಹೋಗುತ್ತಿತ್ತು. ಪುನಃ ಗಣೇಶ, ಪುನಃ ಅಜ್ಜ. ವಧುವಿನ ಹೆಸರು ಎಂತ ಎಂದು ತಿಳಿಯುವ ಭಾಗ್ಯವೇ ಇಲ್ಲ. ಯು.ಪಿ.ಎಸ್. ಬರಲೇ ಇಲ್ಲ. ಧಣಿ ಫೋನು ಮಾಡಿದರು: "ನಾಳೆಗೆ ಆಗದಿದ್ದರೆ ಮಂಗಳೂರು."

ಅದೇ ದಿನ ಅಪ್ಪ ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು ಶಾಲೆಗೆ ಹೋಗಿ, ಕೊರಳಿನ ಮಾಲೆಯ ಸಮೇತ ವಾಪಸು ಬಂದರು.

"ಶಾಲೆಯ ಕಂಪ್ಯೂಟರಿಗೆ ಸರಕಾರದಿಂದ ಯು.ಪಿ.ಎಸ್. ಬಂತು. ನನ್ನ ಕೈಯಿಂದಲೇ ಉದ್ಘಾಟನೆ. ನಾಲ್ಕು ಮಾತೂ ಆಡಿದೆ."

ನನಗೆ ಒಂದು ಸಂಶಯ. "ಹೇಗೆ ಬಂತು ಅಪ್ಪಾ?"

"ಬಸ್ಸಿನಲ್ಲಿ. ಕಂಡಕ್ಟರ್ ತಂದುಕೊಟ್ಟನಂತೆ."

"ಪೆಟ್ಟಿಗೆಯ ಮೇಲೆ ಎಂತ ಬರೆದಿತ್ತು?"

"'ಮಾಸ್ಟರ್, ಯು.ಪಿ.ಎಸ್.' ಎಂದು," ಎಂದ ಅಪ್ಪ ಮಾಲೆಯನ್ನು ಮೆಲ್ಲ ತೆಗೆದು ಕುರ್ಚಿಯ ಕೈಗೆ ಹಾಕಿದರು.

"ಈಗಲೇ ಹೋಗಿ ತನ್ನಿ," ಎಂದರು ಅಮ್ಮ.

"ಸರಕಾರಕ್ಕೆ ಧನ್ಯವಾದ ಹೇಳಿ ಬಂದಿದ್ದೇನೆ ಮಾರಾಯ್ತಿ. ಯಾವ ಮುಖದಲ್ಲಿ ಹೋಗುವುದು?"

"ಹಾಗಾದರೆ ನಾನೇ ಹೋಗುತ್ತೇನೆ. ಇದಕ್ಕೆ ಅಣ್ಣನ ಫೋನು ಕಾಯಲಿಕ್ಕಿಲ್ಲ."

ಅಮ್ಮ ತಂದರು. ಸಂಜೆಯೊಳಗೆ ವಧುವಿನ ಹೆಸರು ಏನೆಂದು ಗೊತ್ತಾಯಿತು, ಕಾಗದ ಮುಗಿಯಿತು, ಆ ಸೀಸನ್ನಿನ ಕೆಲಸವೆಲ್ಲ ನನಗೇ ಬಂತು. ಆದರೆ ಶಾಲೆಯಲ್ಲಿ ಎಂತ ಆಯಿತೆಂದು ಅಮ್ಮ ಹೇಳಲಿಲ್ಲ. ಎಷ್ಟೋ ದಿನ ಕಳೆದು ಹೆಡ್‌ಮಾಸ್ಟ್ರೇ ಹೇಳಿದರು.

ಅಮ್ಮ ಸೀದಾ ಆಫೀಸಿನ ಒಳಗೆ ಹೋಗಿ, ಕೂತುಕೊಳ್ಳದೆ, "ಯು.ಪಿ.ಎಸ್. ನಮ್ಮದು. ನಮಗೆ ಅದು ವಾಪಸು ಬೇಕು" ಎಂದರಂತೆ.

ಜಾಗ ಹಿಂದೆ ಯಾರದ್ದೆಂದು ಗೊತ್ತಿದ್ದ ಹೆಡ್‌ಮಾಸ್ಟ್ರಿಗೆ ಬೆವರು. ಎದ್ದು ನಿಂತು ಹೇಳಿದರಂತೆ: "ಅಮ್ಮಾ, ನಾನು ಬರೀ ಹೆಡ್‌ಮಾಸ್ಟ್ರು. ಒಳಗೆ ಮಕ್ಕಳೆಲ್ಲ ಇದ್ದಾರೆ. ಇದನ್ನು ನೀವು ಮ್ಯಾನೇಜರರ ಹತ್ತಿರ ಮಾತಾಡಬೇಕು."

"ಮ್ಯಾನೇಜರರು ಎಂತಕ್ಕೆ?" ಎಂದರಂತೆ ಅಮ್ಮ. "ರಿಕ್ಷಾ ತಂದಿದ್ದೇನೆ. ಹಿಂದಿನ ಸೀಟಿನಲ್ಲಿ ಇಟ್ಟುಕೊಂಡು ಹೋಗುತ್ತೇನೆ."